ಅನಮೋಡದಲ್ಲಿ ಎಂಜಲು ತೆಗೆದ ಮಳೆಗಾಲ

ಹೋದ ನವೆಂಬರಿನಲ್ಲಿ ತಂಗಿಯನ್ನು ಮಡಗಾಂವದಲ್ಲಿ ರೈಲಿಗೆ ಹತ್ತಿಸಿ ವಾಪಸು ಬರುವಾಗ ನಮ್ಮ ಬಸ್ಸು ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಅರ್ಧ ಗಂಟೆ ನಿಂತಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಜನ ಕೈಕಾಲು ಆಡಿಸಲು ಕೆಳಗಿಳಿದರು, ನಾನೂ ಇಳಿದೆ. ಮೀನಿನ ಲಾರಿಯಿಂದ ಸೋರಿದ ನೀರಿನ ಮೇಲೆ ಯಾರೋ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಆ ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ನನ್ನ ಕೈ ತಾನಾಗಿ ಗದ್ದದ ಕೆಳಗೆ ಹೋಗಿ, ಅಲ್ಲಿ ಇಲ್ಲದ ಮಾಸ್ಕನ್ನು ಮೇಲಕ್ಕೆಳೆಯಲು ತಡಕಾಡಿತು.

ಪಕ್ಕದಲ್ಲಿದ್ದ ಹೆಂಗಸು, "ಯಾಕ್ರೀ, ಕೊಳ್ಳಾಗಿನ ಸರಾ ಬಿತ್ತೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ. ರಸ್ತೆಯ ಎಡಕ್ಕೆ ನಮ್ಮ ತಗಡಿನ ಶೆಡ್ಡು ಇದ್ದ ಜಾಗದಲ್ಲಿ ಈಗ ಒಂದು ಸಿಮೆಂಟಿನ ಚೌಕ ಮಾತ್ರ ಉಳಿದಿದೆ, ಅದರ ಮೇಲೆ ಯಾರದೋ ಬೈಕು ನಿಂತಿತ್ತು. ಎರಡು ಸಾವಿರದ ಇಪ್ಪತ್ತೊಂದರ ಮಳೆಗಾಲವನ್ನು ನಾನು ಅಲ್ಲಿ ಕಳೆದೆ, ಗೋವಾದಿಂದ ಬರುವವರ ಬಾಯಿ ತೆರೆಸುತ್ತಾ.

ಆಗ ನನಗೆ ಇಪ್ಪತ್ತಾರು. ಲ್ಯಾಬ್ ಟೆಕ್ನಿಷಿಯನ್ ಆಗಿ ಗುತ್ತಿಗೆಯ ಮೇಲೆ ಸೇರಿ ಎರಡನೇ ವರ್ಷ. ದಾಂಡೇಲಿಯಲ್ಲಿ ಬಾಡಿಗೆ ಕೋಣೆ. ನಮ್ಮ ಊರು ಮುಂಡಗೋಡದಿಂದ ಆಚೆ, ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳಿಗೆ ಹೊಂದಿಕೊಂಡ ಹಳ್ಳಿ. ಏಪ್ರಿಲ್ ಕೊನೆಗೆ ಅನಮೋಡದ ಡ್ಯೂಟಿ ಬಿತ್ತು ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಮೊದಲು ಕೇಳಿದ್ದು, "ಅಲ್ಲೆ ಏನ್ ಮಾಡೂದು?" ಎಂದು.

"ಗಡಿ ದಾಟಿ ಬರೋರ ಮೂಗು, ಗಂಟಲದಾಗಿಂದು ಕಡ್ಡೀಲೆ ತಗದು ಕಳಸೂದು."

"ಅಂದ್ರ ಎಂಜಲಾ?"

"ಹೂನವ್ವಾ, ಎಂಜಲಾನ."

ನಮ್ಮ ಮನೆಯಲ್ಲಿ ಎಂಜಲಿನ ಕಟ್ಟುನಿಟ್ಟು ಬಹಳ. ನೀರನ್ನು ತಂಬಿಗೆ ಎತ್ತಿ ಕುಡಿಯಬೇಕು, ತುಟಿ ತಾಗಬಾರದು. ಕಚ್ಚಿದ ಹಣ್ಣನ್ನು ತಮ್ಮನಿಗೆ ಕೊಟ್ಟದ್ದಕ್ಕೆ ಅಜ್ಜಿ ನನ್ನ ಕೈ ಎರಡು ಸಲ ತೊಳೆಸಿದ್ದಳು. ದಿನಾ ಮೂರು ಹೊತ್ತು ವಿಭೂತಿ ಹಚ್ಚುವ ಅಪ್ಪ ಮಾತ್ರ ಫೋನು ಇಸಿದುಕೊಂಡು, "ಕೆಲಸ ಅಂದ ಮ್ಯಾಲೆ ಮಾಡಬೇಕವ್ವಾ. ಅಲ್ಲೆ ಥಂಡಿ ಭಾಳ ಅಂತಾರ, ಸ್ವೆಟರ್ ಒಯ್ಯಿ" ಎಂದ.

ದಾಂಡೇಲಿಯಿಂದ ಅನಮೋಡಕ್ಕೆ ಜಗಲಬೇಟ, ರಾಮನಗರ, ತಿನೈಘಾಟದ ಮೇಲೆ ಹೋಗಬೇಕು. ಮಳೆ ಹಿಡಿದರೆ ಎರಡು ತಾಸಿನ ದಾರಿ. ನನ್ನನ್ನು, ಐಸ್ ಬಾಕ್ಸನ್ನು, ಕಡ್ಡಿಗಳ ಪೆಟ್ಟಿಗೆಯನ್ನು ಒಯ್ಯಲು ಒಂದು ಹಳೆಯ ಜೀಪು ಕೊಟ್ಟಿದ್ದರು. ಅದರ ಡ್ರೈವರ್ ದಸ್ತಗೀರ್ ಚಾಚಾ. ಐವತ್ತೈದರ ಆಸುಪಾಸಿನ ಮನುಷ್ಯ. ಇಪ್ಪತ್ತು ವರ್ಷ ದಾಂಡೇಲಿಯಲ್ಲಿ ಗ್ಯಾರೇಜು ನಡೆಸಿ, ಕಟ್ಟಿಗೆ ಲಾರಿಗಳ ಇಂಜಿನ್ನಿನಲ್ಲಿ ತಲೆ ಹಾಕಿ ಹಾಕಿ ಕಿವಿ ಮಂದ ಮಾಡಿಕೊಂಡಿದ್ದರು. ಹಾಗಾಗಿ ಅವರ ಸಾಮಾನ್ಯ ಮಾತೂ ಕೂಗಿದಂತೆ ಇರುತ್ತಿತ್ತು, ಅವರಿಗೆ ಕೇಳಿಸಲಿ ಎಂದು ನಾನೂ ಕೂಗುತ್ತಿದ್ದೆ. ಗೇಟಿನಲ್ಲಿ ನಾಲ್ಕು ಜನರ ಮುಂದೆ ನನ್ನನ್ನು ಮೇಡಂ ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಜೀಪಿನೊಳಗೆ ಬೇಟಿ.

ಮೊದಲ ವಾರ ನಾನು ಮಧ್ಯಾಹ್ನ ಬಿಸ್ಕೀಟು ತಿನ್ನುವುದನ್ನು ಅವರು ನೋಡಿದರು. ಮರುವಾರದಿಂದ ಅವರ ಡಬ್ಬಿಯ ಜೊತೆ ಇನ್ನೊಂದು ಸಣ್ಣ ಡಬ್ಬಿ ಬರತೊಡಗಿತು. ಅದರ ಕೊರಳಿಗೆ ಕೆಂಪು ದಾರ ಕಟ್ಟಿತ್ತು.

"ಇದು ನಿಂದು. ನಮ್ಮ ಆಪಾ ಮಾಡ್ಯಾಳ. ನಿಮ್ಮ ಪೈಕಿ ಮಾಂಸಾ ತಿನ್ನಂಗಿಲ್ಲ ಅಂತ ಬ್ಯಾರೆ ಬೋಗಾಣ್ಯಾಗ ಮಾಡಿ, ಬ್ಯಾರೆ ಸೌಟು ಇಟ್ಟಾಳ. ಮನಸ್ಸಿನಾಗ ಏನೂ ಇಟ್ಕೊಬ್ಯಾಡ, ಉಣ್ಣು."

ಝುಬೇದಾ ಆಪಾ ಅವರ ಅಕ್ಕ. ಚಾಚಾನ ಹೆಂಡತಿ ತೀರಿಕೊಂಡ ಮೇಲೆ ಬಂದು ಮನೆ ಹಿಡಿದವಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು, ಒಮ್ಮೊಮ್ಮೆ ಶೇಂಗಾ ಹಿಂಡಿ. ಮೂರು ತಿಂಗಳು ನಾನು ಅವಳ ಕೈಯ ಊಟ ಉಂಡೆ, ಅವಳ ಮುಖ ನೋಡಿರಲಿಲ್ಲ. ದಾರ ಕಟ್ಟಿದ ಡಬ್ಬಿಯ ಊಟದ ವಿಷಯ ಅವ್ವನಿಗೂ ಹೇಳಲಿಲ್ಲ.

ಗೇಟಿನ ಕೆಲಸ ಬೇಗನೆ ರೂಢಿಯಾಯಿತು. ಬಸ್ಸಿನವರು, ಮೀನಿನ ಲಾರಿಯವರು, ಗೋವಾದ ಹೋಟೆಲು ಮುಚ್ಚಿ ಕೆಲಸ ಕಳೆದುಕೊಂಡು ಹಳಿಯಾಳದ ಕಡೆಗೆ ಮರಳುವ ಹುಡುಗರು, ಎಲ್ಲರೂ ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಕುರ್ಚಿಗೆ ಬರುತ್ತಿದ್ದರು. ಕಡ್ಡಿಯನ್ನು ಗಂಟಲಿಗೆ ತಾಗಿಸಿದರೆ ಓಕರಿಕೆ, ಮೂಗಿಗೆ ಹಾಕಿದರೆ ಕಣ್ಣೀರು. ಕಡ್ಡಿಯ ತುದಿ ಮುರಿದು ಗುಲಾಬಿ ಬಣ್ಣದ ನೀರಿರುವ ನಳಿಕೆಗೆ ಹಾಕಿ, ಹೆಸರು ಬರೆದು, ಐಸಿನಲ್ಲಿಡುವುದು. ಲಾರಿ ಡ್ರೈವರುಗಳು ನನಗೆ ಥೂಕ್‌ವಾಲಿ ಬಾಯಿ, ಅಂದರೆ ಉಗುಳಿನ ಹೆಂಗಸು, ಎಂದು ಹೆಸರಿಟ್ಟರು. ಚಾಚಾ ಅವರ ಮೇಲೆ ಏರಿ ಹೋಗುತ್ತಿದ್ದರು. "ಏ, ಮರ್ಯಾದಿಲೆ ಮಾತಾಡು. ನಿನ್ನ ಬಾಯಾಗ ಏನೈತಿ ಅಂತ ನಿನ್ನ ಹೇಂತಿಗೂ ಗೊತ್ತಿಲ್ಲ, ಆಕೀಗೆ ಗೊತ್ತಾಗತೈತಿ!"

ಕಡ್ಡಿಗೆ ಬಹಳ ಅಂಜುವ ಮುದುಕರಿಗೆ, ಮಕ್ಕಳಿಗೆ ಉಪ್ಪುನೀರು ಮುಕ್ಕಳಿಸಿ ಉಗುಳಲು ಒಂದು ಕಪ್ಪು ಕೊಡುತ್ತಿದ್ದೆವು. ಒಂದು ದಿನ ಹಳಿಯಾಳದ ಕಡೆಯ ಒಬ್ಬ ಮುದುಕಿಗೆ ಕಪ್ಪು ಕೊಟ್ಟೆ. ಆಕೆ ಚೆನ್ನಾಗಿ ಮುಕ್ಕಳಿಸಿ, ಕಪ್ಪಿಗೆ ಉಗುಳಿ, ನಾನು ಕೈ ಚಾಚುವಷ್ಟರಲ್ಲಿ ಶೆಡ್ಡಿನ ಹಿಂದೆ ಹೋಗಿ ಮರದ ಬುಡಕ್ಕೆ ಚೆಲ್ಲಿ, ಕಪ್ಪನ್ನು ಮಳೆನೀರಿನಲ್ಲಿ ತೊಳೆದು ತಂದಳು.

"ಅಯ್ಯ ಅಮ್ಮಾ, ಅದ ಬೇಕಾಗಿತ್ತು!"

"ನಾ ಉಗುಳಿದ್ದನ್ನ ನೀ ಯಾಕ ಹಿಡಿಬೇಕವ್ವಾ, ನನ್ನ ಮಗಳ ವಯಸ್ಸಿನಾಕಿ," ಎಂದಳು. ಮತ್ತೊಮ್ಮೆ ಮುಕ್ಕಳಿಸಲು ಒಪ್ಪಿಸುವುದಕ್ಕೆ ಹತ್ತು ನಿಮಿಷ ಬೇಕಾಯಿತು.

ಮಾದರಿಗಳನ್ನು ಸಂಜೆ ರಾಮನಗರದಲ್ಲಿ ಬೇರೆ ವಾಹನಕ್ಕೆ ದಾಟಿಸುತ್ತಿದ್ದೆವು, ಅಲ್ಲಿಂದ ಅವು ಪ್ರಯೋಗಾಲಯಕ್ಕೆ ಹೋಗುತ್ತಿದ್ದವು. ವರದಿ ಬರುತ್ತಿದ್ದುದು ನಮ್ಮ ಮೇಲಿನ ವೈದ್ಯಾಧಿಕಾರಿ ದೇಸಾಯಿ ಮೇಡಂ ಅವರಿಗೆ. ಜೋಯಿಡಾದಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದವರು. ವರದಿಯಲ್ಲಿ ಪಾಸಿಟಿವ್ ಎಂಬ ಪದದ ಪಕ್ಕ ಒಂದು ಅಂಕಿ ಇರುತ್ತಿತ್ತು. ಯಂತ್ರ ಮಾದರಿಯಲ್ಲಿನ ವೈರಸ್ಸನ್ನು ಸುತ್ತು ಸುತ್ತಿಗೆ ಇಮ್ಮಡಿ ಮಾಡುತ್ತಾ ಹೋಗುತ್ತದೆ. ಎಷ್ಟನೇ ಸುತ್ತಿಗೆ ಅದು ಕಣ್ಣಿಗೆ ಬಿತ್ತೋ ಅದೇ ಆ ಅಂಕಿ. ಮೂವತ್ತು ಇದ್ದರೆ ಹುಡುಕಿ ಹುಡುಕಿ ಸಿಕ್ಕಿತು ಎಂದರ್ಥ. ಹದಿನೈದು ಇದ್ದರೆ ಬಾಯಿ ತುಂಬಾ ಅದೇ ಇದೆ.

"ಅಂಕಿ ಸಣ್ಣದಿದ್ದಷ್ಟು ಕೆಟ್ಟದು. ಆ ಮನುಷ್ಯಾಗ ಜಡ್ಡು ಜೋರ ಇರ್ಬೇಕಂತಿಲ್ಲ. ಆರಾಮ ನಗತಿರಬಹುದು. ಆದ್ರ ಎದುರಿಗೆ ನಿಂತು ಎರಡು ಮಾತು ಜೋರ ಆಡಿದ್ರ ಸಾಕು," ಎಂದು ದೇಸಾಯಿ ಮೇಡಂ ಹೇಳಿಕೊಟ್ಟಿದ್ದರು.

ಏಪ್ರಿಲಿನಲ್ಲಿ ಬರುತ್ತಿದ್ದ ಅಂಕಿಗಳು ಬೇರೆ, ಮಳೆ ಹಿಡಿಯುವ ಹೊತ್ತಿಗೆ ಬರುತ್ತಿದ್ದ ಅಂಕಿಗಳು ಬೇರೆ. ಒಂದೇ ಮನೆಯ ಐವರು ಬಂದರೆ ಐವರದ್ದೂ ಹದಿನಾರು, ಹದಿನೇಳು. ಹೊಸ ತಳಿ ಎಂದರು, ಅದಕ್ಕೆ ಡೆಲ್ಟಾ ಎಂದು ಹೆಸರಿಟ್ಟರು.

"ಡೆಲ್ಟಾ ಅಂದ್ರ ಏನು ಬೇಟಿ?"

"ಗ್ರೀಕ್ ಭಾಷಾದಾಗಿನ ಒಂದು ಅಕ್ಷರ ಚಾಚಾ."

"ಜಡ್ಡಿಗೂ ಸಾಲಿ ಕಲಿಸಾಕತ್ಯಾರೇನು ಹಂಗಾರ!" ಎಂದು ಅವರು ನಕ್ಕಿದ್ದು, ಅನಮೋಡದ ಏರಿನಲ್ಲಿ ಜೀಪು ಏದುಸಿರು ಬಿಡುತ್ತಿದ್ದದ್ದು ನನಗೆ ನೆನಪಿದೆ.

ನಾನು ಎರಡೂ ಲಸಿಕೆ ಹಾಕಿಸಿಕೊಂಡಿದ್ದೆ. ಚಾಚಾನಿಗೆ ಒಂದು ಆಗಿತ್ತು. ಆಪಾ ಎರಡು ಸಲ ಸಾಲಿನಲ್ಲಿ ನಿಂತು, ಎರಡೂ ಸಲ ಅವಳ ಪಾಳಿ ಬರುವ ಮೊದಲೇ ಲಸಿಕೆ ಮುಗಿದು, ಮೊಣಕಾಲು ಹಿಡಿದುಕೊಂಡು ಮನೆಗೆ ಬಂದಿದ್ದಳಂತೆ. ಮೂರನೇ ಸಲ ಹೋಗುವುದು ಇವತ್ತು ನಾಳೆ ಎಂದು ಮುಂದೆ ಬೀಳುತ್ತಿತ್ತು.

ಸಿಬ್ಬಂದಿಯೂ ವಾರಕ್ಕೊಮ್ಮೆ ಮಾದರಿ ಕೊಡಬೇಕೆಂಬ ನಿಯಮವಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ದಾಂಡೇಲಿ ಬಿಡುವ ಮೊದಲು ನಾನು ಜೀಪಿನ ಕನ್ನಡಿ ನೋಡಿಕೊಂಡು ನನ್ನ ಗಂಟಲಿನದು ತೆಗೆದುಕೊಳ್ಳುತ್ತಿದ್ದೆ, ಆಮೇಲೆ ಚಾಚಾನದು. ಜುಲೈನ ಒಂದು ಸೋಮವಾರ ಮಳೆ ಎಷ್ಟು ಜೋರಾಗಿತ್ತೆಂದರೆ ಕೊಡೆಯ ಕೆಳಗೆ ನಿಂತು ನನ್ನದನ್ನು ತೆಗೆದುಕೊಳ್ಳುವುದೇ ಕಷ್ಟವಾಯಿತು. ಚಾಚಾ ಇಂಜಿನ್ ಶುರು ಮಾಡಿ ಕೂತಿದ್ದರು.

"ನಂದು ಇವತ್ತ ಬ್ಯಾಡ ಬೇಟಿ. ಮೂಗು ನೋಯ್ತೈತಿ. ಮುಂದಿನ ವಾರ ಡಬಲ್ ಕೊಡ್ತೇನಿ."

ನಾನು ಆಯಿತು ಎಂದೆ. ಹೊತ್ತಾಗಿತ್ತು, ಮೈ ಅರ್ಧ ತೊಯ್ದಿತ್ತು. ಒಂದು ವಾರದ ಮಾತು, ಏನಾದೀತು ಎಂದುಕೊಂಡೆ.

ಅವತ್ತು ಗೇಟಿನಲ್ಲಿ ಜನ ಕಡಿಮೆ. ಮಧ್ಯಾಹ್ನವೇ ಹೊರಟೆವು. ತಿನೈಘಾಟ ಇನ್ನೂ ಮೂರು ಕಿಲೋಮೀಟರ್ ಇರುವಾಗ ರಸ್ತೆಗೆ ಅಡ್ಡ ಒಂದು ದೊಡ್ಡ ಮತ್ತಿ ಮರ ಬಿದ್ದಿತ್ತು. ನಮ್ಮ ಹಿಂದೆ ಎರಡು ಲಾರಿ ಬಂದು ನಿಂತವು, ಹಿಂದೆ ಸರಿಯಲೂ ಆಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಲಾರಿ ಕ್ಲೀನರ್ ಒಬ್ಬ ಮರ ದಾಟಿ ಅರಣ್ಯದವರಿಗೆ ಹೇಳಲು ನಡೆದು ಹೋದ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನಾವು ಜೀಪಿನ ಗಾಜು ಪೂರ್ತಿ ಏರಿಸಿ ಕೂತೆವು.

ಮರ ಕಡಿದು ಸರಿಸುವಷ್ಟರಲ್ಲಿ ನಾಲ್ಕು ತಾಸು ಹೋಯಿತು. ಆ ನಾಲ್ಕು ತಾಸಿನಲ್ಲಿ ನಾವು ಮಾಡಿದ್ದು ಇಷ್ಟು. ಮಾಸ್ಕ್ ತೊಯ್ದು ಉಸಿರಿಗೆ ಅಡ್ಡವಾಗುತ್ತಿತ್ತು, ಇಬ್ಬರೂ ತೆಗೆದೆವು. ಉಳಿಸಿಕೊಂಡಿದ್ದ ರೊಟ್ಟಿ ತಿಂದೆವು. ಫ್ಲಾಸ್ಕಿನಲ್ಲಿ ಚಹಾ ಇತ್ತು. ಕಪ್ಪು ಒಂದೇ, ಫ್ಲಾಸ್ಕಿನ ಮುಚ್ಚಳ. ನಾನು ಕುಡಿದು ಮುಚ್ಚಳವನ್ನು ಒರೆಸಲು ಕರವಸ್ತ್ರ ಹುಡುಕಿದೆ, ಅದೂ ಒದ್ದೆ. ಚಾಚಾ ಹಾಗೆಯೇ ಇಸಿದುಕೊಂಡು ಸುರುವಿಕೊಂಡು ಕುಡಿದರು. ಆಮೇಲೆ ನಾನು, ಆಮೇಲೆ ಅವರು. ತಗಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ಮುಖದ ಹತ್ತಿರ ಮುಖ ತಂದು ಕೂಗಿ ಕೂಗಿ ಮಾತಾಡಿದೆವು. ಗ್ಯಾರೇಜಿನ ಕಥೆ, ಕುಳಗಿಯ ಹತ್ತಿರ ಲಾರಿಯ ಕೆಳಗೆ ಮಲಗಿ ರಿಪೇರಿ ಮಾಡುವಾಗ ಕಾಡುಕೋಣ ಬಂದು ಮೂಸಿ ಹೋದ ಕಥೆ ಹೇಳಿ ನಗಿಸಿದರು. ಗಾಜಿನ ಒಳಮೈ ನಮ್ಮ ಉಸಿರಿಗೆ ಬೆಳ್ಳಗಾಗಿ ಹೊರಗಿನ ಕಾಡು ಕಾಣದಾಗಿತ್ತು. ಆ ಇಡೀ ಮಳೆಗಾಲದಲ್ಲಿ ನಾನು ಅಷ್ಟು ಹಗುರಾಗಿ ಕೂತದ್ದು ಅದೊಂದೇ ದಿನ.

ಬುಧವಾರ ಗೇಟಿನಲ್ಲಿ ಒಬ್ಬ ಲಾರಿ ಡ್ರೈವರನ ಬಾಯಿ ತೆರೆಸಿ ಕಡ್ಡಿ ಹಿಡಿದಿದ್ದೆ. ಫೋನು ಬಡಿಯಿತು. ಜೊತೆಗಿದ್ದ ಪೊಲೀಸಿನವ ಅದನ್ನು ಸ್ಪೀಕರಿಗೆ ಹಾಕಿ ಹಿಡಿದ.

"ಸುಮಂಗಲಾ, ಸೋಮವಾರದ್ದು ನಿಂದು ಪಾಸಿಟಿವ್ ಬಂದದ," ಎಂದರು ದೇಸಾಯಿ ಮೇಡಂ. "ಹದಿನಾಲ್ಕು. ಕೈಯಾಗಿಂದು ಕೆಳಗ ಇಡು. ಯಾರನ್ನೂ ಮುಟ್ಟಬ್ಯಾಡ."

ಲಾರಿ ಡ್ರೈವರ್ ತೆರೆದ ಬಾಯಿ ಮುಚ್ಚಿ, ಎದ್ದು, ಕುರ್ಚಿಯನ್ನು ತನ್ನ ಮುಂದೆ ಅಡ್ಡ ಎಳೆದುಕೊಂಡು ನಿಂತ. ನನಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಮೂರು ತಿಂಗಳಿಂದ ಬೇರೆಯವರ ಹೆಸರಿನ ಮುಂದೆ ಓದುತ್ತಿದ್ದ ಅಂಕಿ ನನ್ನ ಹೆಸರಿನ ಮುಂದೆ ಬಂದಾಗ ಮೊದಲು ನೆನಪಾದದ್ದು ಫ್ಲಾಸ್ಕಿನ ಮುಚ್ಚಳ.

ಜೀಪಿನ ಹತ್ತಿರ ಹೋಗಿ ದೂರದಿಂದಲೇ ಹೇಳಿದೆ. ಚಾಚಾ, "ನಡಿ, ನಾನ ಬಿಟ್ಟು ಬರ್ತೇನಿ. ಇನ್ಯಾರು ಕರ್ಕೊಂಡು ಹೋಗ್ತಾರ ನಿನ್ನ?" ಎಂದರು. ನಾನು ಹಿಂದಿನ ಸೀಟಿನ ಮೂಲೆಯಲ್ಲಿ, ಅವರು ಮುಂದೆ, ಎಲ್ಲ ಗಾಜು ಕೆಳಗೆ. ದಾಂಡೇಲಿ ಮುಟ್ಟುವ ಹೊತ್ತಿಗೆ ಇಬ್ಬರೂ ತೊಪ್ಪೆಯಾಗಿದ್ದೆವು. ಅವತ್ತೇ ಸಂಜೆ ಬೇರೊಬ್ಬ ಟೆಕ್ನಿಷಿಯನ್ ಅವರ ಮಾದರಿ ತೆಗೆದ. ಶುಕ್ರವಾರ ವರದಿ ಬಂತು. ಪಾಸಿಟಿವ್, ಹದಿನೇಳು. ಅಷ್ಟರಲ್ಲಿ ಆಪಾಳಿಗೆ ಜ್ವರ ಶುರುವಾಗಿತ್ತು.

ನಾನು ಕೋಣೆಯ ಬಾಗಿಲು ಹಾಕಿಕೊಂಡು ಹದಿನಾಲ್ಕು ದಿನ ಕೂತೆ. ಮೂಗಿಗೆ ವಾಸನೆ ತಿಳಿಯದಾಯಿತು, ಅದೊಂದು ಬಿಟ್ಟರೆ ಬೇರೆ ತೊಂದರೆ ಬರಲಿಲ್ಲ. ಶನಿವಾರ ಮಧ್ಯಾಹ್ನ ಚಾಚಾನ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ನಡುನಡುವೆ ಉಸಿರು ಕಟ್ಟುತ್ತಿತ್ತು.

"ಬೇಟಾ, ನಾನು ಝುಬೇದಾ. ಉಂಡೀಯಾ?"

"ಉಂಡೇನ್ರಿ ಆಪಾ. ನೀವು ಹೆಂಗದೀರಿ?"

"ನನಗೇನಾಗೈತಿ, ಮಳಿಗಾಲದ ಜ್ವರಾ. ನಿನಗ ಡಬ್ಬಿ ಕಳಸಾಕ ಆಗವಲ್ದು ನೋಡು. ಇವನೂ ಮಲಗ್ಯಾನ. ಆರಾಮಾದ ಮ್ಯಾಲೆ ಮನಿಗೇ ಬಾ, ಬಿಸಿ ರೊಟ್ಟಿ ಉಣ್ಣು."

ಅವಳ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನಿಂದಲೇ ಬಂದಿರಬಹುದು ಎಂದು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಸೋಮವಾರ ಅಕ್ಕ ತಮ್ಮ ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದರು. ಚಾಚಾನಿಗೆ ಆಮ್ಲಜನಕ ಬೇಕಾಗಲಿಲ್ಲ. ಆಪಾಳಿಗೆ ಮೊದಲ ದಿನವೇ ಹಚ್ಚಿದರು. ಒಂಬತ್ತನೇ ದಿನ ಬೆಳಿಗ್ಗೆ ಅವಳು ತೀರಿಕೊಂಡಳು. ಬಿಳಿ ಗೌನು ತೊಟ್ಟ ಓಣಿಯ ನಾಲ್ಕು ಗಂಡಸರು ದಫನ ಮಾಡಿದರು. ಚಾಚಾ ಇನ್ನೂ ಪಾಸಿಟಿವ್ ಇದ್ದುದರಿಂದ ಹೊರಗೆ ಬಿಡಲಿಲ್ಲ. ಗಂಡಸರ ವಾರ್ಡಿನ ಕಿಟಕಿಯಿಂದ ಗಾಡಿ ಹೋಗುವುದನ್ನು ನೋಡುತ್ತಾ ನಿಂತಿದ್ದರು ಎಂದು ಅಲ್ಲಿದ್ದ ನರ್ಸ್ ನನಗೆ ಹೇಳಿದಳು.

ಆಗಸ್ಟಿನಲ್ಲಿ ನಾನು ಗೇಟಿಗೆ ಮರಳಿದೆ. ಜೀಪಿಗೆ ಬೇರೆ ಡ್ರೈವರ್ ಬಂದಿದ್ದ, ಚಾಚಾ ರಜೆಯಲ್ಲಿದ್ದರು. ಮಾತಾಡಿಸಲು ಹೋಗಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುವುದು, ಅವರ ಗಲ್ಲಿಯ ತಿರುವಿನವರೆಗೆ ಹೋಗದೆ ಬೇರೆ ದಾರಿಯಿಂದ ಕಾಯಿಪಲ್ಲೆ ತಂದು ಕೋಣೆ ಸೇರುವುದು. ಕೆಲಸದ ನಡುವೆ ಯಾರ ಬಾಯಿಗಾದರೂ ಕಡ್ಡಿ ಹಾಕುವಾಗ ಹದಿನಾಲ್ಕು ಎಂಬ ಅಂಕಿ ಕಣ್ಣ ಮುಂದೆ ಬರುತ್ತಿತ್ತು. ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ, ದಾರ ಕಟ್ಟಿದ ಡಬ್ಬಿಯನ್ನೂ ಸೇರಿಸಿ. ಅವ್ವ ಬೈಯಲಿಲ್ಲ. "ಆಕಿ ಹೆಸರೇನಂದಿ?" ಎಂದು ಕೇಳಿ, ಹೆಸರನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು.

ಅಂಕಿ ಇಪ್ಪತ್ತೈದಕ್ಕಿಂತ ಕಡಿಮೆ ಇದ್ದ ಕೆಲವು ಮಾದರಿಗಳನ್ನು ತಳಿ ಯಾವುದೆಂದು ಓದಲು ಬೆಂಗಳೂರಿಗೆ ಕಳಿಸುತ್ತಿದ್ದರು. ನನ್ನದೂ ಚಾಚಾನದೂ ಹೋಗಿದ್ದವು ಎಂದು ನನಗೆ ಗೊತ್ತಿತ್ತು. ಆ ವರದಿಗಾಗಿ ನಾನು ಪರೀಕ್ಷೆಯ ಫಲಿತಾಂಶದಂತೆ ಕಾದೆ. ಇಬ್ಬರದೂ ಬೇರೆ ಬೇರೆ ತಳಿ ಎಂದು ಬಂದರೆ ನಾನು ಬಚಾವಾದೆ ಎಂಬುದು ನನ್ನ ಲೆಕ್ಕಾಚಾರ. ಅಕ್ಟೋಬರಿನಲ್ಲಿ ದೇಸಾಯಿ ಮೇಡಂ ನನ್ನನ್ನು ಜೋಯಿಡಾಕ್ಕೆ ಕರೆಸಿ ಪಟ್ಟಿ ತೋರಿಸಿದರು. ಎರಡೂ ಸಾಲಿನಲ್ಲಿ ಒಂದೇ ಹೆಸರು, ಡೆಲ್ಟಾ.

"ಹಂಗಾರ ನಾನ ಕೊಟ್ಟೇನ್ರಿ ಮೇಡಂ," ಎಂದೆ.

"ಹಂಗ ಎಲ್ಲೆ ಬರದದ? ಬ್ಯಾರೆ ಬ್ಯಾರೆ ಬಂದಿದ್ರ ನೀ ಕೊಟ್ಟಿಲ್ಲ ಅಂತ ಹೇಳಬಹುದಿತ್ತು. ಒಂದ ಬಂದದ ಅಂದ್ರ ನೀನ ಕೊಟ್ಟಿ ಅಂತ ಆಗೂದಿಲ್ಲ. ಈ ಪಟ್ಟ್ಯಾಗ ನೋಡು, ಮ್ಯಾಲಿಂದ ಕೆಳತನಕ ಡೆಲ್ಟಾನ ಅದ. ಆ ತಿಂಗಳ ಈ ಘಟ್ಟದಾಗ ಬ್ಯಾರೆ ಯಾವುದೂ ಇರಲೇ ಇಲ್ಲ."

"ಮತ್ತ ಯಾರಿಂದ ಯಾರಿಗೆ ಅಂತ ಹೆಂಗ ಗೊತ್ತಾಗತೈತ್ರಿ?"

"ಗೊತ್ತಾಗೂದಿಲ್ಲ ಸುಮಂಗಲಾ." ಅವರು ಪಟ್ಟಿಯನ್ನು ಮಡಚಿ ಡ್ರಾವರಿನಲ್ಲಿಟ್ಟರು. "ನೀ ಅವರ ಮನಿಗೆ ಹೋಗಿಯೇನು?"

ಮರುದಿನವೇ ಹೋದೆ. ಹಳೆ ದಾಂಡೇಲಿಯ ಗಲ್ಲಿ, ಹಂಚಿನ ಮನೆ, ಅಂಗಳದಲ್ಲಿ ಒಂದು ಬಿಚ್ಚಿದ ಗೇರ್‌ಬಾಕ್ಸ್. ಚಾಚಾ ಬಡವಾಗಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಕರೆದು, ತಾವೇ ಒಲೆ ಹಚ್ಚಿ ಚಹಾ ಮಾಡಿ ತಂದರು. ಪಾಕದಂತೆ ಸಿಹಿಯಾಗಿತ್ತು.

ಕೂತ ತಕ್ಷಣ ಹೇಳದಿದ್ದರೆ ಹೇಳಲಾರೆ ಎಂದು ಗೊತ್ತಿತ್ತು.

"ಚಾಚಾ, ಬೆಂಗಳೂರಿಂದ ರಿಪೋರ್ಟ್ ಬಂದೈತಿ. ನಿಮ್ದೂ ನಂದೂ ಒಂದ ತಳಿ. ಆ ಸೋಮವಾರ ನನ್ನ ಬಾಯಾಗ ಅದು ತುಂಬಿತ್ತು. ನಾ ಕುಡದ ಮುಚ್ಚಳದಾಗ ನೀವು ಕುಡದ್ರಿ. ನಾ ಮಾಸ್ಕ್ ತಗದು ನಿಮ್ಮ ಮುಖದ ಮ್ಯಾಲೆ ಕೂಗಿ ಕೂಗಿ ಮಾತಾಡೇನಿ. ಆಪಾ..."

"ನಿಂದ್ರು," ಎಂದರು. ಮೊದಲ ಬಾರಿಗೆ ಅವರ ದನಿ ಸಣ್ಣದಾಗಿ ಕೇಳಿತು. "ಆ ಸೋಮವಾರ ನಾ ಮೂಗು ಕೊಡಲಿಲ್ಲ. ನೆನಪೈತಿ?"

"ಐತ್ರಿ. ಮೂಗು ನೋಯ್ತೈತಿ ಅಂದ್ರಿ."

"ಮೂಗು ನೋವಿದ್ದಿಲ್ಲ ಬೇಟಿ. ಶನಿವಾರದಿಂದ ಗಂಟಲಾ ಕೆರೀತಿತ್ತು. ರವಿವಾರ ಮೈಯೆಲ್ಲಾ ನೋವು. ಆಪಾ ಕಷಾಯ ಮಾಡಿ ಕೊಟ್ಲು, ನಾಳಿ ಹೋಗಬ್ಯಾಡ ಅಂದ್ಲು. ಕೊಟ್ರ ಪಾಸಿಟಿವ್ ಬರತೈತಿ, ಗಾಡಿ ಬ್ಯಾರೆಯವನ ಕೈಗೆ ಕೊಡ್ತಾರ, ತಿರುಗಿ ನನಗ ಕೊಡಂಗಿಲ್ಲ ಅಂತ ಅಂಜಿದೆ. ನಿನಗ ಸುಳ್ಳ ಹೇಳ್ದೆ."

ನನಗೆ ಮೊದಲು ಆದದ್ದು ಸಮಾಧಾನ. ಮೂರು ತಿಂಗಳಿಂದ ಎದೆಯ ಮೇಲೆ ಕೂತದ್ದು ಎದ್ದುಹೋದಂತೆ. ಅದರ ಬೆನ್ನಿಗೇ ಸಿಟ್ಟು ಬಂತು. ನಾನು ಕುಡಿದ ಮುಚ್ಚಳದಲ್ಲಿ ಅವರು ಕುಡಿದದ್ದು ನಿಜ, ಅವರು ಕುಡಿದದ್ದರಲ್ಲಿ ನಾನೂ ಕುಡಿದಿದ್ದೆನಲ್ಲ. ಮುಚ್ಚಿದ ಗಾಜಿನೊಳಗೆ ನಾಲ್ಕು ತಾಸು, ತಮಗೆ ಮೈ ಸರಿಯಿಲ್ಲವೆಂದು ಗೊತ್ತಿದ್ದೂ. ಆದರೆ ನನ್ನ ಮಾದರಿ ತೆಗೆದದ್ದು ಆ ನಾಲ್ಕು ತಾಸಿಗಿಂತ ಮೊದಲು, ಅದೇ ಬೆಳಿಗ್ಗೆ. ಆಗಲೇ ಅದು ಹದಿನಾಲ್ಕು. ಅಂದರೆ ಅದಕ್ಕಿಂತ ಮೊದಲೇ, ಹಿಂದಿನ ವಾರ, ಅದೇ ಜೀಪಿನಲ್ಲಿ ಅವರಿಂದ ನನಗೆ, ಇಲ್ಲವೆ ನನ್ನಿಂದ ಅವರಿಗೆ ಬಂದಿರಬೇಕು. ಇಲ್ಲವೆ ಗೇಟಿನಲ್ಲಿ ಯಾವನೋ ಕೆಮ್ಮಿದವನಿಂದ ಇಬ್ಬರಿಗೂ. ದೇಸಾಯಿ ಮೇಡಂ ಹೇಳಿದ್ದು ಈಗ ಅರ್ಥವಾಯಿತು. ಇದನ್ನು ಬಿಡಿಸುವುದಕ್ಕೆ ಯಾವ ಯಂತ್ರವೂ ಇರಲಿಲ್ಲ.

"ನಾನೂ ಬಿಟ್ಟೆ ಚಾಚಾ," ಎಂದೆ. "ನೀವು ಒಲ್ಲೆ ಅಂದ್ರೂ ತಗೋಬೇಕಾಗಿತ್ತು. ಅದು ನನ್ನ ಕೆಲಸ. ಮಳಿ ಅಂತ ಬಿಟ್ಟೆ."

"ನಿನಗ ಹೇಳಬೇಕಂತ ಎರಡು ಸಲ ನಿನ್ನ ಓಣಿತನಕ ಬಂದು ತಿರುಗಿ ಹೋಗೇನಿ."

"ನಾ ನಿಮ್ಮ ಗಲ್ಲಿತನಕನೂ ಬಂದಿದ್ದಿಲ್ಲ."

ಅವರು ಖಾಲಿ ಕಪ್ಪನ್ನು ನೆಲದ ಮೇಲಿಟ್ಟು ತಿರುಗಿಸುತ್ತಾ ಕೂತರು. "ನಿನ್ನಿಂದ ನನಗ ಬಂತೋ, ನನ್ನಿಂದ ನಿನಗ ಬಂತೋ, ಅದು ಅಲ್ಲಾಗ ಗೊತ್ತು. ಆಪಾಗ ಮಾತ್ರ ನನ್ನ ಬಾಯಿಂದನ ಹೋತು. ಆ ಎರಡು ವಾರ ಆಕಿ ಮನಿ ಬಿಟ್ಟು ಎಲ್ಲೂ ಹೋಗಿದ್ದಿಲ್ಲ. ಅದನ್ನ ಯಾವ ಬೆಂಗಳೂರಿನವರೂ ಓದಿ ಹೇಳೂದು ಬ್ಯಾಡ."

ನಾನು ಉಳಿದ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದೆ. ಕೊನೆಗೆ ಅವರೇ, "ಚಾ ಸಕ್ಕರಿ ಭಾಳ ಆತೇನು?" ಎಂದು ಕೇಳಿದರು. ಹೌದು ಎಂದೆ. "ಆಕಿ ಇರೋತನಕ ನಾ ಒಲಿ ಕಡೆ ಹೋಗಿದ್ದಿಲ್ಲ," ಎಂದರು. ಹೊರಡುವಾಗ ಗೋಡೆಯ ಮೇಲಿನ ಒಂದು ಸಣ್ಣ ಫೋಟೋ ತೋರಿಸಿದರು. ಅಗಲ ಮುಖ, ದಪ್ಪ ಚೌಕಟ್ಟಿನ ಕನ್ನಡಕ, ಒಂದು ಹುಬ್ಬು ಸ್ವಲ್ಪ ಮೇಲಕ್ಕೆ. ಆಪಾ ಹೀಗಿದ್ದಳು ಎಂದು ನನಗೆ ಗೊತ್ತಾದದ್ದು ಆಗ.

ಜನವರಿಯಲ್ಲಿ ಮತ್ತೊಂದು ತಳಿ ಬಂತು, ಮತ್ತೆ ಗೇಟಿನ ಡ್ಯೂಟಿ ಬಿಗಿಯಾಯಿತು. ಡ್ರೈವರ್ ಯಾರು ಬೇಕು ಎಂದು ದೇಸಾಯಿ ಮೇಡಂ ಕೇಳಿದಾಗ ನಾನು ದಸ್ತಗೀರ್ ಚಾಚಾನ ಹೆಸರು ಹೇಳಿದೆ. ಒಂದು ಮಾತು ಮಾತ್ರ ಕೇಳಿಕೊಂಡೆ, ದಿನಾ ಹೊರಡುವ ಮೊದಲು ಹದಿನೈದು ನಿಮಿಷದಲ್ಲಿ ಫಲಿತಾಂಶ ಕೊಡುವ ಕಿಟ್ಟು ಇಬ್ಬರಿಗೂ ಬೇಕು ಎಂದು. ಕೊಟ್ಟರು.

ಮೊದಲ ದಿನ ಚಾಚಾ ಬಂದವರೇ ಟೋಪಿ ತೆಗೆದು, ಜೀಪಿನ ಮೆಟ್ಟಿಲ ಮೇಲೆ ಕೂತು, ನಾನು ಹೇಳುವ ಮೊದಲೇ ತಲೆ ಹಿಂದಕ್ಕೆ ವಾಲಿಸಿದರು. ನನ್ನದನ್ನು ನಾನು ತೆಗೆದುಕೊಂಡೆ. ಎರಡೂ ಕಿಟ್ಟುಗಳನ್ನು ಬಾನೆಟ್ಟಿನ ಮೇಲೆ ಅಕ್ಕಪಕ್ಕ ಇಟ್ಟು, ದೂರ ದೂರ ನಿಂತು ಕಾದೆವು. ಚಳಿಗೆ ಅವರು ಅಂಗೈ ಉಜ್ಜಿಕೊಳ್ಳುತ್ತಿದ್ದರು. ಎರಡರಲ್ಲೂ ಒಂದೊಂದೇ ಗೆರೆ, ಎರಡು ಮೂಡಿದರೆ ಪಾಸಿಟಿವ್.

"ಒಂದ ಗೆರಿ. ಹೋಗೂಣು," ಎಂದರು.

ಮಾಸ್ಕ್ ಹಾಕಿಕೊಂಡು, ಗಾಜು ಇಳಿಸಿ ಹೊರಟೆವು. ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ನಾನು ಐಸ್ ಬಾಕ್ಸ್ ತುಂಬುತ್ತಿದ್ದೆ. ಚಾಚಾ ಬಾನೆಟ್ಟಿನ ಹತ್ತಿರ ಬಗ್ಗಿ, ಕನ್ನಡಕ ಹಣೆಗೇರಿಸಿ, ತಮ್ಮ ಕಿಟ್ಟನ್ನು ಬಹಳ ಹೊತ್ತು ನೋಡಿದರು.

"ಮೇಡಂ, ಬರ್ರಿ ಇಲ್ಲೆ. ಎರಡನೇದು ಮೂಡಾಕತ್ತೈತಿ."

ಹೋಗಿ ನೋಡಿದೆ. ತೆಳ್ಳಗೆ, ಪೆನ್ಸಿಲ್ಲಿನಲ್ಲಿ ಎಳೆದಂತೆ, ಎರಡನೇ ಗೆರೆ. ನನ್ನದರಲ್ಲಿ ಒಂದೇ ಇತ್ತು. ಅವರಿಗೆ ಜ್ವರವಿರಲಿಲ್ಲ, ಗಂಟಲೂ ಸರಿಯಾಗಿತ್ತಂತೆ. ಒಂದು ಕ್ಷಣ ಜೀಪಿನ ಸ್ಟೀರಿಂಗ್ ಕಡೆ ನೋಡಿದರು. ಆಮೇಲೆ ಜೇಬಿನಿಂದ ಕೀಲಿ ತೆಗೆದು, ಅದಕ್ಕೆ ಸ್ಯಾನಿಟೈಸರ್ ಹಾಕಿ ಒರೆಸಿ, ಬಾನೆಟ್ಟಿನ ಮೇಲಿಟ್ಟು, ರಸ್ತೆಯ ಆಚೆ ಬದಿಗೆ ಸರಿದು ನಿಂತರು. ನಾನು ದೇಸಾಯಿ ಮೇಡಂ ಅವರಿಗೆ ಫೋನು ಮಾಡಿ ಬೇರೆ ಡ್ರೈವರನನ್ನು ಕೇಳುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಮನೆಯ ಕಡೆ ನಡೆಯತೊಡಗಿದರು. ಸ್ವಲ್ಪ ದೂರ ಹೋದವರು ತಿರುಗಿ, ಎಂದಿನ ದೊಡ್ಡ ದನಿಯಲ್ಲಿ ಕೂಗಿದರು.

"ಬರೋ ಹುಡುಗಗ ಹೇಳ್ರಿ, ಎರಡನೇ ಗೇರು ಸ್ವಲ್ಪ ಬಿಗಿ ಐತಿ. ಜಬರದಸ್ತಿ ಮಾಡಬಾರದು."